ತಂತಿ ನಿಂತ ಮೇಲೆ

ಹೊಳೆದಂಡೆಯ ಆಶ್ರಮದಲ್ಲಿ ಇದ್ದದ್ದೇ ಇಬ್ಬರು. ತತ್ವಪದ ಹಾಡುವ ನಿಂಗವ್ವ ತಾಯಿ, ಅವಳ ಶಿಷ್ಯ ಚೆನ್ನವೀರ.

ತಾಯಿ ತನ್ನ ಗುರುವಿನಿಂದ ಕಲಿತ ಪದಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಅವು ಇದ್ದದ್ದು ಅವಳ ಕೊರಳಲ್ಲಿ ಮಾತ್ರ. ಆ ಕೊರಳೋ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು.

ಸುದ್ದಿ ತಿಳಿದ ಭಕ್ತರೊಬ್ಬರು ಎರಡು ಕಂಪ್ಯೂಟರ್ ಕಳಿಸಿದರು. ಪದ ರೆಕಾರ್ಡ್ ಮಾಡಿ ನೋಡಿ, ಒಗ್ಗಿದ್ದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಆಮೇಲೆ ವಾಪಸ್ ಕಳಿಸಿ ಎಂದರು.

ಒಂದು ಹಿಟ್ಟಿನ ಡಬ್ಬಿಯಷ್ಟು ದೊಡ್ಡದು. ಒಳಗೆ ಫ್ಯಾನುಗಳು, ಸುತ್ತ ಬಣ್ಣದ ದೀಪ. ಇನ್ನೊಂದು ಬೆಲ್ಲದಚ್ಚಿನಷ್ಟು. ಅದಕ್ಕೆ ಫ್ಯಾನೇ ಇಲ್ಲ.

"ದೊಡ್ಡದೇ ಇರಲಿ ಅವ್ವಾ," ಎಂದ ಚೆನ್ನವೀರ. "ಇದು ನೂರು ಕೆಲಸ ಮಾಡುತ್ತದೆ."

"ನಮ್ಮದೆಷ್ಟು ಕೆಲಸ?"

"ಒಂದೇ. ಆದರೂ ಬಲ ಇದ್ದರೆ ಒಳ್ಳೆಯದಲ್ಲವೇ?"

ಚೆನ್ನವೀರ ದೊಡ್ಡದರ ಗುಂಡಿ ಒತ್ತಿದ. ತಾಯಿ ಏಕತಾರಿ ಎತ್ತಿಕೊಂಡು ಒಂದು ಪದ ಹಾಡಿದಳು.

ಆ ಆಶ್ರಮದಲ್ಲಿ ಹಾಡಿನ ಮಾತು ಮುಗಿದರೆ ಪದ ಮುಗಿದಂತಲ್ಲ. ತಂತಿಯ ನಾದ ಪೂರ್ತಿ ಅಡಗುವ ತನಕ ಯಾರೂ ಮಿಸುಕುವಂತಿಲ್ಲ. ಚೆನ್ನವೀರ ಮಿಸುಕಲಿಲ್ಲ. ಆಮೇಲೆ ರೆಕಾರ್ಡ್ ಹಚ್ಚಿ ಕೇಳಿದ.

ಗಿರಣಿಯೊಳಗೆ ಕೂತು ಹಾಡಿದಂತಿತ್ತು. ಕೊನೆಯ ನಾದವಂತೂ ಫ್ಯಾನಿನ ಗುರ್ರ್‌ನಲ್ಲಿ ಮುಳುಗೇ ಹೋಗಿತ್ತು.

"ಸ್ವಲ್ಪ ಜೋರಾಗಿ ಹಾಡುತ್ತೀರಾ ಅವ್ವಾ?"

"ಉಳಿದಿರೋ ಉಸಿರಲ್ಲಿ ಪದ ಹಾಡಲೋ, ಇದರ ಜೊತೆ ಜಗಳ ಆಡಲೋ?"

ಅಷ್ಟರಲ್ಲಿ ದೊಡ್ಡದರ ದೀಪಗಳೆಲ್ಲ ಆರಿದವು. ಮಾಡಿನ ಮೇಲಿನ ಒಂದೇ ಸೋಲಾರ್ ಹಲಗೆ ತುಂಬಿಸಿದ್ದ ಬ್ಯಾಟರಿ ಬರಿದಾಗಿತ್ತು.

"ನೂರು ಕೆಲಸ ಮುಗಿಸಿ ಮಲಗಿತೇನೋ ಪಾಪ," ಎಂದಳು ತಾಯಿ.

ಮರುದಿನ ಬಿಸಿಲೇರಿದ ಮೇಲೆ ಚೆನ್ನವೀರ ಒಲ್ಲದ ಮನಸ್ಸಿನಿಂದ ಸಣ್ಣದರ ಗುಂಡಿ ಒತ್ತಿದ. ಸದ್ದಿಲ್ಲ. ಕಿವಿ ಹಚ್ಚಿದ.

"ಜೀವ ಇದ್ದಂತಿಲ್ಲ ಅವ್ವಾ."

"ನೀನು ಧ್ಯಾನಕ್ಕೆ ಕೂತಾಗ ನನಗೂ ಹಾಗೇ ಅನ್ನಿಸುತ್ತೆ. ತಾಳು."

ಪರದೆ ಬೆಳಗಿತು.

ತಾಯಿ ಹಾಡಿದಳು. ಒಂದಲ್ಲ, ನೆನಪಾದ ಪದಗಳನ್ನೆಲ್ಲ, ಹೊತ್ತು ಇಳಿಯುವ ತನಕ. ಪೆಟ್ಟಿಗೆಯ ಮೈ ಉಗುರುಬೆಚ್ಚಗಾಯಿತು, ಅಷ್ಟೇ. ಬ್ಯಾಟರಿ ಇನ್ನೂ ಉಳಿದಿತ್ತು.

ಚೆನ್ನವೀರ ರೆಕಾರ್ಡ್ ಹಚ್ಚಿದ. ತಾಯಿಯ ಸಣ್ಣ ಕೊರಳು ಪಕ್ಕದಲ್ಲೇ ಕೂತು ಹಾಡಿದಂತೆ ಬಂತು. ತಂತಿಯ ನಾದ ಎಳೆ ಎಳೆಯಾಗಿ ತೆಳುವಾಗುತ್ತ ಹೋಗಿ ಅಡಗಿತು. ಹಿಂದೆ ಹೊಳೆಯೂ ಕೇಳಿಸಿತು. ಅವನ ಕಣ್ಣು ತುಂಬಿತು.

ಮರುಗಳಿಗೆಯೇ ಹುಬ್ಬು ಗಂಟಿಕ್ಕಿದ.

"ಅವ್ವಾ, ಇದರಲ್ಲೂ ದೋಷ ಇದೆ. ಕೇಳಿ, ತಂತಿ ನಿಂತ ಮೇಲೆ ಬುಸ್ ಬುಸ್ ಅಂತಿದೆ."

ತಾಯಿ ತಲೆ ವಾಲಿಸಿ ಕೇಳಿದಳು. ಅವಳ ಮುಖದಲ್ಲಿ ನಗು ಹರಡಿತು.

"ಅದು ನಿನ್ನ ಉಸಿರು. ಪೆಟ್ಟಿಗೆ ಆದರೆ ವಾಪಸ್ ಕಳಿಸಬಹುದಿತ್ತು ಮಗಾ. ನಿನ್ನನ್ನು ನಾನೇ ಆರಿಸಿಕೊಂಡುಬಿಟ್ಟಿದ್ದೇನೆ."