ಎಲ್ಲರದಕ್ಕಿಂತ ದೊಡ್ಡ ಮೆಷಿನ್ನು

ನಮ್ಮ ಯಜಮಾನರು ಗುರುಮಲ್ಲಪ್ಪನವರದ್ದು ಒಂದೇ ಹಟ. ಮರದ ಕೊಂಬೆ, ತೆಂಗಿನ ಗರಿ ಪುಡಿ ಮಾಡೋ ಮೆಷಿನ್ನು ಪಕ್ಕದ ತೋಟದವರದಕ್ಕಿಂತ ದೊಡ್ಡದೇ ಇರಬೇಕು.

“ಸಾರ್, ನಮ್ಮದು ಪುಟಾಣಿ ಟ್ರ್ಯಾಕ್ಟರ್. ಅಷ್ಟು ಭಾರ ಹಿಂದೆ ಕಟ್ಟಿದರೆ ಮುಂದಿನ ಚಕ್ರ ಮೇಲೇಳುತ್ತೆ,” ಅಂತ ಅಂಗಡಿಯಲ್ಲೇ ನಾಲ್ಕು ಸಲ ಹೇಳಿದೆ. ನನ್ನ ಬಾಯಿ ಒಣಗಿತು, ಅಷ್ಟೆ.

“ನೀನು ಡ್ರೈವರ್. ಓಡಿಸೋದಷ್ಟೇ ನಿನ್ನ ಕೆಲಸ!”

“ಆಗಲಿ ಸಾರ್.” ಹೊರಗೆ ನಿಂತಿದ್ದ ಟ್ರ್ಯಾಕ್ಟರಿನ ಬಾನೆಟ್ ಮೇಲೆ ನನ್ನ ಟವೆಲ್ ಹಾಸಿದೆ. “ಹತ್ತಿ ಕೂತ್ಕೊಳ್ಳಿ.”

“ನಾನ್ಯಾಕೆ?”

“ಮುಂದೆ ಭಾರ ಬೇಕಲ್ಲ! ಇನ್ಮೇಲೆ ಮೆಷಿನ್ನು ಕಟ್ಟಿದಾಗೆಲ್ಲ ನೀವು ಇಲ್ಲೇ ಕೂರಬೇಕು. ಪಕ್ಕದ ತೋಟದವರ ಗೇಟಿನ ಮುಂದೆ ಗಟ್ಟಿಯಾಗಿ ಹಿಡ್ಕೊಳ್ಳಿ, ಅಲ್ಲಿ ಗುಂಡಿ ಇದೆ.”

ಯಜಮಾನರು ಟವೆಲ್ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಅಂಗಡಿಯವನ ಮೇಲೆ ರೇಗಿದರು:

“ಚಿಕ್ಕದೂ ಇದೆ ಅಂತ ಮೊದಲೇ ಹೇಳೋಕೆ ನಿನಗೇನಯ್ಯಾ ದಾಡಿ?”