ನಡುಹೊಳೆಯ ಹರಿಗೋಲು

ಹೊಳೆದಂಡೆಯ ಒಂದು ಆಶ್ರಮ. ಅಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಶಿಷ್ಯ ಅಡವೀಶನದು. ಅವನಿಗೆ ಮಕ್ಕಳೆಂದರೆ ಜೀವ. ಶಿಸ್ತೆಂದರೆ ಅದಕ್ಕಿಂತ ತುಸು ಹೆಚ್ಚೇ ಜೀವ.

ಒಂದು ಬೆಳಿಗ್ಗೆ ಫಕೀರವ್ವ ಬಂದಳು. ಹರೆಯದಲ್ಲಿ ಆ ಹೊಳೆಯಲ್ಲಿ ಹರಿಗೋಲು ಹಾಕಿದವಳು, ಈಗ ಮುದುಕಿ. ಮಹಾಪೂರ ಬಂದಾಗ ಕೇರಿಯ ಮಕ್ಕಳನ್ನೆಲ್ಲ ದಡ ಮುಟ್ಟಿಸಿದವಳು ಅಂತ ಊರಿಗೆಲ್ಲ ಅವಳ ಮೇಲೆ ಗೌರವ. ಅದೇ ಪೂರದಲ್ಲಿ ಅವಳ ಸ್ವಂತ ಮಗಳು ಹೊಳೆಪಾಲಾದದ್ದೂ ಎಲ್ಲರಿಗೂ ಗೊತ್ತಿತ್ತು.

“ಅಜ್ಜಾರ, ನಾಳೆ ನಮ್ಮಣ್ಣನ ಮಗನ ಊರಿಗೆ ಹೊಂಟೇನ್ರಿ. ತಿರುಗಿ ಬರೂದಿಲ್ಲ,” ಎಂದಳು ಗುರುಗಳಿಗೆ. “ಎದಿಯಾಗ ಒಂದ್ ಮಾತ್ ಉಳದೈತಿ. ದೊಡ್ಡವರ ಮುಂದ ಬಾಯಿ ಬರೂದಿಲ್ಲ. ನಿಮ್ಮ ಮಕ್ಕಳ ಮುಂದ ಹೇಳಿ ಹೊಕ್ಕೇನಿ.”

“ಮಧ್ಯಾಹ್ನ ಬಾರವ್ವ. ಮಕ್ಕಳು ಕೇಳತಾವ,” ಎಂದರು ಗುರುಗಳು.

ಅಷ್ಟರೊಳಗೆ ಅಡವೀಶ ಅವಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ಸಿದ್ಧಮಾಡಿ, ಮಕ್ಕಳಿಗೆ ಹಂಚಿ, ಬಾಯಿಪಾಠ ಮಾಡಿಸಿದ.

“ಅವಳು ಇನ್ನೂ ಏನೂ ಹೇಳಿಲ್ಲವಲ್ಲ?” ಎಂದರು ಗುರುಗಳು.

“ಆಮೇಲೆ ಮಕ್ಕಳು ತಡವರಿಸಬಾರದು ಗುರುಗಳೇ. ಬಂದವರ ಮುಂದೆ ಆಶ್ರಮದ ಮಾನ ಹೋಗುತ್ತದೆ.”



ಆ ಸೀಮೆಯಲ್ಲಿ ಯಾರಾದರೂ ಕಥೆ ಹೇಳಿದರೆ ಎದುರು ಕೂತವರು ಹೂಂಗುಡಬೇಕು. ಹೂಂ ನಿಂತರೆ ಕಥೆಯೂ ನಿಂತಂತೆಯೇ. ಅಡವೀಶ ಆ ರೂಢಿಯನ್ನು ಮಕ್ಕಳಿಗೆ ಬಿಡಿಸಿದ್ದ. ಅದು ಗದ್ದಲವಂತೆ.

ಮಧ್ಯಾಹ್ನ ಫಕೀರವ್ವ ಮಕ್ಕಳೆದುರು ಕೂತಳು.

“ಅವತ್ತ ನೀರು ಕೆಂಪಗಾಗಿ ಬಂದಿತ್ತು. ಕೇರಿ ಮಕ್ಕಳನ್ನೆಲ್ಲಾ ಹರಿಗೋಲಿಗೆ ಹಾಕ್ಕೊಂಡೆ. ನನ್ನ ಮಗಳೂ ಇದ್ಲು.”

ಮಕ್ಕಳು ಕೈಕಟ್ಟಿ ಕೂತಿದ್ದರು. ಒಬ್ಬರೂ ಕೆಮ್ಮಲಿಲ್ಲ.

“ನಡು ಹೊಳ್ಯಾಗ ಹರಿಗೋಲು ಗಿರ್ರಂತ ತಿರುಗಾಕ ಹತ್ತಿತು.”

ಮುದುಕಿ ನಿಲ್ಲಿಸಿದಳು. ಒಂದೊಂದೇ ಮುಖ ನೋಡಿದಳು. ಯಾವ ಮುಖವೂ ಮಿಸುಕಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಇಷ್ಟ ನೋಡ್ರಿ,” ಎಂದಳು.

ಅಡವೀಶ ಕಣ್ಣುಸನ್ನೆ ಮಾಡಿದ. ನಿಂಬೆವ್ವ ಎಂಬ ಪುಟ್ಟ ಹುಡುಗಿ ಎದ್ದು ನಿಂತು, ಒಂದಕ್ಷರ ತಪ್ಪದೆ ಕೇಳಿದಳು. “ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?”

“ಎಲ್ಲಿಂದ ಬರಬೇಕ ಮಗಾ.”

“ನಿಮ್ಮ ಜೀವನದಿಂದ ನಾವು ಕಲಿಯಬೇಕಾದ ಪಾಠವೇನು?” ಎಂದಿತು ಇನ್ನೊಂದು ಮಗು.

“ನನಗೇನ ಗೊತ್ತಪ್ಪಾ,” ಎಂದು ಫಕೀರವ್ವ ಕೋಲು ಊರಿ ಏಳತೊಡಗಿದಳು.

ಅಡವೀಶ ಗುರುಗಳ ಕಿವಿಯಲ್ಲಿ ಹೇಳಿದ. “ಪ್ರಶ್ನೆಗಳೇನೋ ಚೆನ್ನಾಗಿದ್ದವು. ಪಾಪ, ಮುದುಕಿಗೆ ಉತ್ತರ ಕೊಡಲು ಬರಲಿಲ್ಲ.”

“ಹರಿಗೋಲು ಎಲ್ಲಿದೆ?” ಎಂದರು ಗುರುಗಳು.

“ಯಾವ ಹರಿಗೋಲು?”

“ಅವಳದು. ನಡುಹೊಳೆಯಲ್ಲಿ ತಿರುಗುತ್ತಿತ್ತಲ್ಲ.”



ಗುರುಗಳು ತಮ್ಮ ಗದ್ದಿಗೆ ಬಿಟ್ಟು ಎದ್ದರು. ಅಡವೀಶನನ್ನೂ ಕರೆದುಕೊಂಡು ಹೋಗಿ ಮಕ್ಕಳ ನಡುವೆ ನೆಲದ ಮೇಲೆ ಕೂತರು.

“ಹರಿಗೋಲು ತಿರುಗಾಕ ಹತ್ತಿತು ಅಂದ್ಯಲ್ಲವ್ವ. ಹೂಂ.”

ಫಕೀರವ್ವ ಅವರನ್ನೇ ನೋಡಿದಳು. ಕೋಲು ಪಕ್ಕಕ್ಕಿಟ್ಟು ಮತ್ತೆ ಕೂತಳು.

“ಮಗಳು ಅಂಚಿನ ಮ್ಯಾಲಿಂದ ಜಾರಿದ್ಲು ಅಜ್ಜಾರ.”

“ಹೂಂ.”

“ಕೈ ಚಾಚಿದೆ. ಆಕಿ ಕೈ ಸಿಕ್ತು.”

“ಹೂಂ,” ಎಂದಿತು ಗುರುಗಳ ಜೊತೆ ಒಂದು ಮಗು. ಅಡವೀಶ ತುಟಿಗೆ ಬೆರಳಿಟ್ಟು ಗದರಲು ಹೋದ. ಗುರುಗಳು ಆ ಬೆರಳನ್ನು ಹಿಡಿದು ಕೆಳಗಿಳಿಸಿದರು.

“ಒಂದ್ ಕೈಯಾಗ ಆಕಿ, ಒಂದ್ ಕೈಯಾಗ ಹುಟ್ಟು. ಒಂದ ಕೈಲೆ ಹುಟ್ಟು ಹಾಕಿದ್ರ ಹರಿಗೋಲು ತಿರುಗೂದು ನಿಲ್ಲೂದಿಲ್ರಿ. ಒಳಗ ಕೇರಿ ಮಕ್ಕಳು ಚೀರಾಕ ಹತ್ತಿದ್ವು.”

“ಹೂಂ,” ಎಂದರು ಎಲ್ಲರೂ.

“ಮಗಳನ್ನ ಹೊಳಿ ಒಯ್ತು ಅಂತಾರ ಊರಾಗ. ಹೊಳಿ ಒಯ್ಲಿಲ್ಲ. ನಾನ ಕೈ ಬಿಟ್ಟೆ.”

ಈಗ ಯಾರಿಗೂ ಹೂಂ ಅನ್ನಲು ಬಾಯಿ ಬರಲಿಲ್ಲ. ಏನು ಕೇಳಬೇಕೆಂದು ಅಡವೀಶನಿಗೆ ತೋಚಲಿಲ್ಲ. ಏನೂ ಕೇಳದೆ ಇವಳನ್ನು ಕಳಿಸುವುದೂ ಆಗದ ಮಾತು.

ನಿಂಬೆವ್ವ ಎದ್ದು ಮುದುಕಿಯ ಹತ್ತಿರ ಹೋದಳು.

“ಯಾವ ಕೈ, ಆಯಿ?”

ಫಕೀರವ್ವ ಎಡಗೈ ಮುಂದೆ ಮಾಡಿದಳು. ಹುಡುಗಿ ಅದನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು ಪಕ್ಕದಲ್ಲಿ ಕೂತಳು.

ಮುದುಕಿ ಅತ್ತಳು. ಮನಸಾರೆ ಅತ್ತಳು. ಅಳು ನಿಂತ ಮೇಲೆ ಮಗಳ ಹೆಸರು ಪಾರವ್ವ ಎಂದಳು. ಬೆಲ್ಲ ಹಚ್ಚದಿದ್ದರೆ ರೊಟ್ಟಿ ಮುಟ್ಟುತ್ತಿರಲಿಲ್ಲ, ಭಾರೀ ಹಟಮಾರಿ ಎಂದಳು. ಸಂಜೆಯವರೆಗೂ ಹೇಳುತ್ತಲೇ ಇದ್ದಳು, ಮಕ್ಕಳು ಹೂಂಗುಡುತ್ತಲೇ ಇದ್ದರು.

ಅವಳನ್ನು ಆಶ್ರಮದ ಬಾಗಿಲವರೆಗೆ ಕಳಿಸಿ ಬಂದ ಅಡವೀಶ ಗುರುಗಳ ಕಾಲ ಬಳಿ ಕೂತ.

“ಎಷ್ಟೊಂದು ಪ್ರಶ್ನೆ ಕಲಿಸಿದ್ದೆ ಗುರುಗಳೇ. ಇದೊಂದು ನನ್ನ ತಲೆಗೇ ಬರುತ್ತಿರಲಿಲ್ಲ. ಬಂದಿದ್ದರೂ, ಇದೂ ಒಂದು ಪ್ರಶ್ನೆಯೇ ಅಂತ ಬಿಟ್ಟುಬಿಡುತ್ತಿದ್ದೆ.”

“ಹೂಂ,” ಎಂದರು ಗುರುಗಳು.

“ಯಾವ ಕೈ ಅಂತ ತಿಳಿದುಕೊಂಡು ಆ ಮಗುವಿಗೆ ಏನಾಗಬೇಕಾಗಿತ್ತು?”

“ಹಿಡಿದುಕೊಳ್ಳಬೇಕಾಗಿತ್ತು.”