ಸರದಿ ಬಿಟ್ಟವನು

“ಸರ್, ಭಯ ಪೂರ್ತಿ ಹೋದ ಮೇಲೆಯೇ ಕೆಲಸಕ್ಕೆ ಕೈಹಾಕಿದರೆ ತಪ್ಪೇ?” ಎಂದು ಶಿಷ್ಯೆ ಕೇಳಿದಳು. ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿಗೆ ಅವಳ ಮೊದಲ ಲೆಕ್ಕ ಒಪ್ಪಿಸಲು ಗುರುಗಳು ಹೇಳಿ ಬಹಳ ದಿನವಾಗಿತ್ತು. ಅವಳಿನ್ನೂ ಒಪ್ಪಿಸಿರಲಿಲ್ಲ.

ಗುರುಗಳು ಗದರಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಸಂಶೋಧಕನಿದ್ದ. ವರ್ಷಗಟ್ಟಲೆ ದುಡಿದು ಪಿಎಚ್.ಡಿ. ಪ್ರಬಂಧ ಬರೆದಿದ್ದ. ಕೊನೆಯ ಒಂದು ಲೆಕ್ಕ ಮಾತ್ರ ಬಾಕಿ. ತಿಂಗಳೊಳಗೆ ಅದರ ಉತ್ತರ ಕೈಸೇರದಿದ್ದರೆ ನೋಂದಣಿ ರದ್ದಾಗಿ, ಅಷ್ಟೂ ದುಡಿಮೆ ನೀರುಪಾಲಾಗುತ್ತಿತ್ತು.

ಲೆಕ್ಕ ದೊಡ್ಡದು, ಹತ್ತಾರು ಜನ ಹಂಚಿಕೊಂಡು ಬಳಸುವ ಯಂತ್ರಕ್ಕೇ ಕೊಡಬೇಕು. ಅಲ್ಲಿಯ ಪದ್ಧತಿಯೇ ಬೇರೆ. ಇಷ್ಟು ಹೊತ್ತು ಬೇಕೆಂದು ಮೊದಲೇ ಹೇಳಿ, ಕೆಲಸವನ್ನು ಸರದಿಯಲ್ಲಿ ಬಿಟ್ಟು ಬರಬೇಕು. ಕಡಿಮೆ ಕೇಳಿದವರಿಗೆ ಬೇಗ ಜಾಗ ಸಿಗುತ್ತದೆ. ಆದರೆ ಕೇಳಿದ ಹೊತ್ತು ಮುಗಿದರೆ ಯಂತ್ರ ದಾಕ್ಷಿಣ್ಯ ನೋಡುವುದಿಲ್ಲ. ನಡೆಯುತ್ತಿರುವ ಕೆಲಸವನ್ನು ಅಲ್ಲಿಗೇ ಕತ್ತರಿಸಿಬಿಡುತ್ತದೆ.

ಆ ಒಂದು ಮಾತೇ ಅವನ ತಲೆಯಲ್ಲಿ ಕೂತಿತು. ಯಂತ್ರ ಕೊಡಬಹುದಾದಷ್ಟೂ ಹೊತ್ತನ್ನು ಕೇಳಿದ. ಹಿಂದೆ ಬಂದವರೆಲ್ಲ ಮುಂದೆ ಹೋದರು, ಅವನ ಕೆಲಸ ಕದಲಲಿಲ್ಲ. ಗಾಬರಿಯಾಗಿ ವಾಪಸು ಪಡೆದು, ಕಡಿಮೆ ಹೊತ್ತು ಕೇಳಿ ಮತ್ತೆ ಕೊಟ್ಟ. ಈ ಸಲ ಸರದಿ ಸರಸರನೆ ಕರಗಿತು. ಇನ್ನೇನು ತನ್ನದೇ ಎನ್ನುವಾಗ ಮತ್ತೆ ಅದೇ ಭಯ ಹಿಡಿಯಿತು. ಇಷ್ಟು ಸಾಲದಿದ್ದರೆ? ಮುಕ್ಕಾಲು ಮುಗಿದ ಮೇಲೆ ಕತ್ತರಿಸಿದರೆ? ಅದನ್ನೂ ವಾಪಸು ಪಡೆದ. ಮತ್ತೆ ಹೆಚ್ಚು ಕೇಳಿದ, ಮತ್ತೆ ಸಾಲಿನ ಕೊನೆಗೆ ಹೋದ.

ಅವನಿಗೆ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಪಕ್ಕದ ಮೇಜಿನ ಗೆಳೆಯನಿಗೆ ಕನಿಕರವಾಯಿತು.

“ಒಂದು ಸಲ ಹೋಗ್ಲಿ ಬಿಡೋ ಮಾರಾಯ. ಕತ್ತರಿಸಿದ್ರೆ ಮತ್ತೆ ಕೊಡೋಣ,” ಎಂದ.

“ಹೋದ್ರೆ ನಂದು ಹೋಗುತ್ತೆ, ನಿಂಗೇನು?” ಎಂದು ಇವನು ಹರಿಹಾಯ್ದ.

ಕೊಡುವುದರಲ್ಲಿ, ವಾಪಸು ಪಡೆಯುವುದರಲ್ಲಿ ತಿಂಗಳು ಮುಗಿಯಿತು. ನೋಂದಣಿ ರದ್ದಾಯಿತು. ಅವನು ಗಂಟುಮೂಟೆ ಕಟ್ಟಿಕೊಂಡು, ಯಾರಿಗೂ ಹೇಳದೆ ಹೊರಟುಹೋದ.

ಗೆಳೆಯನಿಗೆ ಮನಸ್ಸು ತಡೆಯಲಿಲ್ಲ. ಅವನು ಬಿಟ್ಟುಹೋಗಿದ್ದ ಅದೇ ಲೆಕ್ಕದ ಕೆಲಸವನ್ನು ಯಂತ್ರಕ್ಕೆ ಕೊಟ್ಟು, ಸರದಿ ಬರುವವರೆಗೆ ಕಾದ. ಕೆಲಸ ಶುರುವಾದ ಮೇಲೆ ಕ್ಯಾಂಟೀನಿಗೆ ಹೋದ. ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಬಂದು ಕೂತಿತ್ತು.

ಶಿಷ್ಯೆ ಕೇಳಿದಳು: “ಅಷ್ಟೇ ಹೊತ್ತು ಸಾಕೆಂದು ಅವನಿಗೆ ಯಾರೂ ಯಾಕೆ ಹೇಳಲಿಲ್ಲ ಸರ್?”

“ಹೇಳಬೇಕಾದದ್ದು ಆ ಕೆಲಸವೇ ಅಲ್ಲವೇನಮ್ಮಾ, ಅದನ್ನು ಅವನು ಒಂದು ಸಲವೂ ಓಡಲು ಬಿಡಲಿಲ್ಲವಲ್ಲ.”